ಫೀಡಿನ ಹಂಗಾಮು, ಕೊಳೆಮದ್ದಿನ ಹಂಗಾಮು

ಈ ಸಲ ಮಳೆ ಹಿಡಿಯುವ ಮೊದಲೇ ನಮ್ಮ ಅಡಿಕೆ ಸೈಟನ್ನು ಪೂರಾ ಬಿಚ್ಚಿ ಮತ್ತೆ ಕಟ್ಟಿದೆವು. ಮುಖಪುಟದ ನೆತ್ತಿಯ ಮೇಲೆ ಕೂತಿದ್ದ ‘ಇಂದಿನ ಧಾರಣೆ’ ಕೆಳಗಿಳಿದಿದೆ. ಅದರ ಜಾಗಕ್ಕೆ ‘ಈ ತಿಂಗಳು ತೋಟದಲ್ಲಿ’ ಬಂದಿದೆ. ದಿನಾ ಸಂಜೆ ಹುಟ್ಟುತ್ತಿದ್ದ ಧಾರಣೆ ಸುದ್ದಿಗಳು ನಿಂತಿವೆ. ಇದನ್ನು ನೋಡಿದ ಶಿರಸಿ ಪೇಟೆಯ ಸ್ನೇಹಿತನೊಬ್ಬ, “ಎಂತ ಮಾರಾಯ, ಅಂಗಡಿ ಮುಚ್ಚುವ ಅಂದಾಜಾ?” ಎಂದು ಕೇಳಿದ. ಇಲ್ಲ ಎಂದೆ. ಯಾಕೆ ಹೀಗೆ ಮಾಡಿದೆವು ಎಂಬುದನ್ನು ಅವನಿಗೆ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸಣ್ಣದೊಂದು ಕನ್ನಡ ಸೈಟು ನಡೆಸುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ನಮ್ಮದು ಮೂರು ಜನರ ಸೈಟು. ಬರೆಯುವುದು ನಾನು. ತಿದ್ದುವುದು, ಫೋಟೊ ತೆಗೆಯುವುದು ನನ್ನ ಹೆಂಡತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ರಜೆ ಸಿಕ್ಕಾಗ ಸರ್ವರಿನ ತಂಟೆ ತಕರಾರು ನೋಡುತ್ತಾನೆ. ಓದುಗರು ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯ ಬೆಳೆಗಾರರು. ಜೊತೆಗೆ ಊರಲ್ಲಿ ತೋಟ ಇಟ್ಟುಕೊಂಡು ಬೆಂಗಳೂರಲ್ಲಿ ಸಂಬಳ ಎಣಿಸುವ ಅವರ ಮಕ್ಕಳು. ಈ ಎರಡನೆಯ ಗುಂಪು ಸಣ್ಣದೇನಲ್ಲ. ಅಪ್ಪನಿಗೆ ಫೋನು ಮಾಡಿ “ಎರಡನೇ ಮದ್ದು ಆಯ್ತಾ?” ಎಂದು ಕೇಳುವ ಮೊದಲು ಅಡಿಕೆ ಕಾಯಿ ಕೊಳೆಯದಂತೆ ಹೊಡೆಯುವ ಕೊಳೆಮದ್ದಿನ ಎರಡನೇ ಸರದಿ ಯಾವಾಗ ಎಂದು ಹುಡುಕಿ ನೋಡುವವರು ಅವರು.

ಧಾರಣೆಯಿಂದಲೇ ಶುರು ಮಾಡುತ್ತೇನೆ. ಅಡಿಕೆ ಸೈಟಿನ ಅನ್ನ ಅದು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಮಾರುಕಟ್ಟೆಗಳ ದರ ಗುಟ್ಟಿನದ್ದಲ್ಲ. ಸರ್ಕಾರದ ಕೃಷಿ ಮಾರಾಟವಾಹಿನಿಯಲ್ಲಿ ಸಿಗುತ್ತದೆ, ಸಹಕಾರ ಸಂಘಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಟೆಂಡರ್ ಮುಗಿದ ಸ್ವಲ್ಪ ಹೊತ್ತಿಗೇ ಓಡಾಡುತ್ತದೆ. ಅದನ್ನು ತಂದು, ಒಂದು ತಲೆಬರಹ ಅಂಟಿಸಿ, ದಿನಕ್ಕೊಂದು ಹೊಸ ಪುಟ ಮಾಡುವುದು ಬಹಳ ಸೈಟುಗಳ ರೂಢಿ. ನಮ್ಮದೂ ಅದೇ ಇತ್ತು. ಫೋನಿನಲ್ಲಿ ತಾನಾಗಿ ಹರಿದು ಬರುವ ಸುದ್ದಿಸಾಲುಗಳಿಗೆ, ಅಂದರೆ ಫೀಡುಗಳಿಗೆ, ಹೊಸತು ಬೇಕು, ದಿನಾ ಬೇಕು. ಧಾರಣೆಯಷ್ಟು ಸುಲಭಕ್ಕೆ ದಿನಾ ಹೊಸದಾಗುವ ಸರಕು ಇನ್ನಾವುದಿದೆ?

ತೊಂದರೆ ಇರುವುದು ತಲೆಬರಹದಲ್ಲಿ. ಮಾರುಕಟ್ಟೆಯ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಗರಿಷ್ಠ ಎಂದರೆ ಆ ದಿನ ಯಾವುದೋ ಒಂದು ಒಳ್ಳೆಯ ಲಾಟಿಗೆ ಬಿದ್ದ ದರ. ಬಹುಪಾಲು ಜನರ ಕೈಗೆ ಬಂದದ್ದು ಮಾದರಿ ದರದ ಆಸುಪಾಸಿನಲ್ಲಿ. ಆದರೆ ಫೀಡಿನಲ್ಲಿ ಹೆಬ್ಬೆರಳನ್ನು ತಡೆದು ನಿಲ್ಲಿಸುವುದು ಗರಿಷ್ಠ ಮಾತ್ರ. ಇನ್ನೂ ಚುರುಕಿನವರು ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ‘ಸರಕು’ ದರ್ಜೆಯ ದರವನ್ನೇ ‘ಅಡಿಕೆ ದರ’ ಎಂದು ಹಾಕಿಬಿಡುತ್ತಾರೆ. ಸಾಮಾನ್ಯ ಕೆಂಪಡಿಕೆಯಾದ ರಾಶಿಗೂ ದುಬಾರಿ ದರ್ಜೆಯಾದ ಸರಕಿಗೂ ಇರುವ ಅಂತರ ಗೊತ್ತಿದ್ದವನು ನಗುತ್ತಾನೆ. ಗೊತ್ತಿಲ್ಲದ ಬೆಂಗಳೂರಿನ ಮಗ ಅಪ್ಪನಿಗೆ ಫೋನು ಮಾಡಿ, “ಇಷ್ಟು ರೇಟು ಇದ್ಯಂತೆ, ನೀವು ಯಾಕೆ ಕಡಿಮೆಗೆ ಕೊಟ್ರಿ?” ಎನ್ನುತ್ತಾನೆ. ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ನಮ್ಮ ಮಾರುಕಟ್ಟೆಯಲ್ಲಿ ಇರುವಷ್ಟು ಬಗೆ ಒಂದು ತಲೆಬರಹದಲ್ಲಿ ಹಿಡಿಸುವುದಿಲ್ಲ. ತಲೆಬರಹದಲ್ಲಿ ಹಿಡಿಸದ್ದನ್ನು ಫೀಡು ಹೊರುವುದಿಲ್ಲ.

ಅಲ್ಗಾರಿದಮ್, ಅಂದರೆ ಯಾರಿಗೆ ಏನು ತೋರಿಸಬೇಕೆಂಬ ಯಂತ್ರದ ಲೆಕ್ಕಾಚಾರ, ಬದಲಾಯಿತು ಎಂದು ಜನ ಗೋಳಾಡುವಾಗ ನಿಜವಾಗಿ ಬದಲಾಗಿರುವುದು ಅಳತೆಗೋಲು. ಹಿಂದಿನದನ್ನು ಒಮ್ಮೆ ತಿರುಗಿ ನೋಡಿದರೆ ಇದು ತಿಳಿಯುತ್ತದೆ. ಯೂಟ್ಯೂಬ್ ಮೊದಲು ಎಷ್ಟು ಸಲ ನೋಡಿದರು ಎಂದು ಎಣಿಸುತ್ತಿತ್ತು. 2012ರಲ್ಲಿ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಟ್ಟಿತು. ಅಲ್ಲಿಂದ ಮುಂದೆ ಎರಡು ನಿಮಿಷದ ಮಾತು ಹತ್ತು ನಿಮಿಷಕ್ಕೆ ಹಿಗ್ಗಿತು. ಹತ್ತು ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದಿತ್ತು. 2020ರ ಜುಲೈನಲ್ಲಿ ಆ ಮಿತಿ ಎಂಟು ನಿಮಿಷಕ್ಕೆ ಇಳಿಯಿತು, ಎಷ್ಟೋ ವಿಡಿಯೋಗಳು ತಾವಾಗಿಯೇ ಎಂಟು ನಿಮಿಷಕ್ಕೆ ಬಂದು ನಿಂತವು. “ನಮಸ್ಕಾರ ಸ್ನೇಹಿತರೇ, ವಿಡಿಯೋ ಕೊನೆತನಕ ನೋಡಿ” ಎಂಬ ಪಲ್ಲವಿಯ ಹುಟ್ಟು ಇಂಥ ಲೆಕ್ಕದಲ್ಲೇ ಇದೆ. ಕೊಳೆಮದ್ದಿಗೆ ಸುಣ್ಣ ಎಷ್ಟು, ಮೈಲುತುತ್ತ (ತಾಮ್ರದ ಸಲ್ಫೇಟ್) ಎಷ್ಟು ಎಂದು ತಿಳಿಯಲು ಕೂತವನು ಅಷ್ಟು ಹೊತ್ತು ಕಾಯಬೇಕು.

ಫೇಸ್‌ಬುಕ್ 2017ರ ಡಿಸೆಂಬರಿನಲ್ಲಿ ‘ಲೈಕ್ ಒತ್ತಿ, ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಗೋಗರೆಯುವ ಪೋಸ್ಟುಗಳನ್ನು ಕೆಳಗೆ ತಳ್ಳುವುದಾಗಿ ಹೇಳಿತು. ಮರು ತಿಂಗಳು, 2018ರ ಜನವರಿಯಲ್ಲಿ, ಪೇಜುಗಳ ಪೋಸ್ಟಿಗಿಂತ ಮನೆಯವರ, ಸ್ನೇಹಿತರ ಮಾತುಕತೆಗೆ ಆದ್ಯತೆ ಎಂದಿತು. ಪೇಜು ನಂಬಿಕೊಂಡಿದ್ದ ಸುದ್ದಿ ಸೈಟುಗಳಿಗೆ ಜಗತ್ತಿನಾದ್ಯಂತ ಪೆಟ್ಟು ಬಿತ್ತು. ಸುದ್ದಿಮನೆಗಳು ತಮ್ಮ ಲೇಖನಗಳನ್ನು ಅಲ್ಲೇ ಒಳಗಡೆ ಪ್ರಕಟಿಸಲಿ ಎಂದು 2015ರಲ್ಲಿ ತಂದಿದ್ದ ಇನ್‌ಸ್ಟಂಟ್ ಆರ್ಟಿಕಲ್ಸ್ ಎಂಬ ವ್ಯವಸ್ಥೆಯನ್ನು 2023ರಲ್ಲಿ ಮುಚ್ಚಿಯೂ ಆಯಿತು. ಅದಕ್ಕಾಗಿ ಸೈಟಿನ ಒಳಗನ್ನೆಲ್ಲ ಬದಲಿಸಿಕೊಂಡಿದ್ದವರು ಮತ್ತೆ ಬದಲಿಸಿಕೊಂಡರು.

ಗೂಗಲ್‌ನ ಡಿಸ್ಕವರ್ ಇನ್ನೊಂದು ಬಗೆ. 2018ರಲ್ಲಿ ಆ ಹೆಸರು ಪಡೆದ ಈ ಫೀಡಿನಲ್ಲಿ ಯಾರೂ ಏನನ್ನೂ ಹುಡುಕುವುದಿಲ್ಲ. ಫೋನು ತೆರೆದವರ ಮುಂದೆ ಅದು ತಾನಾಗಿಯೇ ಬರಹಗಳ ಕಾರ್ಡುಗಳನ್ನು ಹರವುತ್ತದೆ. ಅದರಲ್ಲಿ ಕಾಣಿಸಿಕೊಳ್ಳಲು ವಿಶೇಷ ಅರ್ಜಿ ಬೇಕಿಲ್ಲ. ಚಿತ್ರ ಕನಿಷ್ಠ 1200 ಪಿಕ್ಸೆಲ್ ಅಗಲ ಇರಲಿ, ದೊಡ್ಡದಾಗಿ ತೋರಿಸಲು ಸೈಟಿನ ಸೆಟ್ಟಿಂಗಿನಲ್ಲಿ ಒಪ್ಪಿಗೆ ಇರಲಿ, ತಲೆಬರಹದಲ್ಲಿ ಉತ್ಪ್ರೇಕ್ಷೆ ಬೇಡ ಎಂಬ ಸೂಚನೆಗಳನ್ನು ಅವರೇ ಬರೆದಿಟ್ಟಿದ್ದಾರೆ. ಹುಡುಕಾಟದಿಂದ ಬರುವ ಓದುಗರಷ್ಟು ಇಲ್ಲಿಂದ ಬರುವವರನ್ನು ನೆಚ್ಚಿಕೊಳ್ಳಬೇಡಿ ಎಂದೂ ಅಲ್ಲೇ ಇದೆ. ಸೈಟಿನವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಲೆಕ್ಕದ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಗ್ರಾಫು ಸಿಗುತ್ತದೆ. ಸೈಟು ನಡೆಸುವ ಯಾರೇ ಆಗಲಿ, ಬೇರೆ ಏನೂ ಮಾಡದಿದ್ದರೂ ಆ ಎರಡನ್ನು ಪಕ್ಕ ಪಕ್ಕ ಇಟ್ಟು ಒಂದು ವರ್ಷದ್ದನ್ನು ನೋಡಬೇಕು.

ನಾವು ನೋಡಿದೆವು. ಫೀಡುಗಳಿಂದ ಬಂದ ಓದುಗರ ಗ್ರಾಫು ಆಷಾಢದ ಹಳ್ಳದ ಹಾಗೆ: ಒಂದು ರಾತ್ರಿ ಸಂಕ (ಕಾಲುಸೇತುವೆ) ಮುಳುಗಿಸುತ್ತದೆ, ವಾರ ಬಿಟ್ಟು ಹೋದರೆ ಕಲ್ಲು ಕಾಣುತ್ತದೆ. ಯಾವ ಬರಹ ಏರಿತು, ಯಾಕೆ ಏರಿತು ಎಂದು ಪತ್ತೆ ಹಚ್ಚಲು ಕೂತರೆ ಉತ್ತರ ಸಿಗುವುದಿಲ್ಲ. ಹುಡುಕಾಟದ ಗ್ರಾಫು ಮಾತ್ರ ಬೇರೆಯೇ ಕಥೆ ಹೇಳಿತು. ಬೋರ್ಡೋ ದ್ರಾವಣ, ಅಂದರೆ ಕೊಳೆಮದ್ದು, ಮಾಡುವ ಬಗ್ಗೆ ನಾವು ಬರೆದ ಹಳೆಯ ಲೇಖನವೊಂದಿದೆ. ಮೇ ತಿಂಗಳಲ್ಲಿ ಅದರ ಗೆರೆ ಮೇಲೇಳುತ್ತದೆ, ಜೂನಿನಲ್ಲಿ ತುದಿ ಮುಟ್ಟುತ್ತದೆ, ಜುಲೈ ಕೊನೆಗೆ ಇನ್ನೊಂದು ಗುಡ್ಡ. ಮೊದಲ ಮದ್ದು ಹೊಡೆದು 40-45 ದಿನಕ್ಕೆ ಎರಡನೆಯದು ಹೊಡೆಯಬೇಕಲ್ಲ, ಆ ಎರಡನೆಯ ಗುಡ್ಡ ಅದು. ಅಕ್ಟೋಬರಿಗೆ ನೆಲ ಕಚ್ಚುತ್ತದೆ. ಪ್ರತಿ ವರ್ಷವೂ ಇದೇ ಆಕಾರ. ಮಳೆ ತಡವಾದ ವರ್ಷ ಗುಡ್ಡವೂ ತಡ. ನಮ್ಮ ಮನೆಯ ಮಳೆ ಲೆಕ್ಕದ ಪುಸ್ತಕವನ್ನು ಪಕ್ಕಕ್ಕಿಟ್ಟು ನೋಡಿದ ಅಣ್ಣನ ಮಗ, “ಚಿಕ್ಕಪ್ಪ, ನಿಮ್ಮ ಅಲ್ಗಾರಿದಮ್ ಅಂದ್ರೆ ಇದೇ” ಎಂದ. ಕಳೆದ ಕೆಲವು ವರ್ಷಗಳಲ್ಲಿ ಕಂಪನಿಗಳು ಎಷ್ಟು ಸಲ ಲೆಕ್ಕಾಚಾರ ಬದಲಿಸಿದವೋ, ಈ ಗುಡ್ಡ ಜಾಗ ಬಿಟ್ಟು ಕದಲಿಲ್ಲ.

ಭೂತಾನ್ ಪ್ರಸಂಗವೂ ಹೀಗೇ ಪಾಠ ಹೇಳಿತು. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ (ಇದಕ್ಕಿಂತ ಕಡಿಮೆ ಬೆಲೆಗೆ ತರಿಸುವಂತಿಲ್ಲ ಎಂಬ ಮಿತಿ) ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿತು. ಮಲೆನಾಡಿನ ಫೋನುಗಳಲ್ಲೆಲ್ಲ ‘ಶಾಕ್’, ‘ಬರೆ’, ‘ಕುಸಿತ’ ಎಂಬ ಪದಗಳದ್ದೇ ಸುಗ್ಗಿ. ನಾವು ಬರೆದದ್ದು ಸಪ್ಪೆ ಲೆಕ್ಕ: ದೇಶದ ವಾರ್ಷಿಕ ಬೆಳೆ ಹತ್ತು ಲಕ್ಷ ಟನ್ನಿಗೂ ಮೇಲೆ, 17,000 ಟನ್ ಅದರ ನೂರಕ್ಕೆ ಎರಡು ಪಾಲೂ ಅಲ್ಲ, ಅದೂ ಹಸಿ ಅಡಿಕೆ, ಒಣಗಿದ ಮೇಲೆ ತೂಕ ಇನ್ನೂ ಇಳಿಯುತ್ತದೆ, ಹೆದರಬೇಕಾದದ್ದು ಕಳ್ಳದಾರಿಯಲ್ಲಿ ಬರುವುದಕ್ಕೆ. ಫೀಡು ಅದನ್ನು ಮೂಸಿಯೂ ನೋಡಲಿಲ್ಲ. ಆದರೆ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಜನ “ಆಮದು ದರ ಎಂದರೇನು” ಎಂದು ಹುಡುಕಿಕೊಂಡು ಬಂದರು, ಬಂದವರಿಗೆ ಸಿಕ್ಕಿದ್ದು ಆ ಸಪ್ಪೆ ಲೆಕ್ಕದ ಪುಟ. ಆಮದಿನ ಸುದ್ದಿ ಎದ್ದಾಗಲೆಲ್ಲ ಈಗಲೂ ಬರುತ್ತಾರೆ. ‘ಶಾಕ್’ ಬರಹಗಳನ್ನು ಇವತ್ತು ಯಾರೂ ಓದುವುದಿಲ್ಲ, ಓದಿದರೂ ಏನೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಮಾಡಿದ್ದೇನು?

ಮೊದಲ ಕತ್ತರಿ ಧಾರಣೆ ಪುಟಗಳಿಗೆ. ಒಂದೇ ಮಾತನ್ನು ಅಂಕಿ ಬದಲಿಸಿ ಹೇಳುವ ನೂರಾರು ಪುಟಗಳು ಸೈಟಿನ ಹೊಟ್ಟೆಯಲ್ಲಿ ಕಸವಾಗಿ ಕೂತಿದ್ದವು. 2022ರ ಆಗಸ್ಟಿನಲ್ಲಿ ಗೂಗಲ್ ತನ್ನ ‘ಹೆಲ್ಪ್‌ಫುಲ್ ಕಂಟೆಂಟ್’ ವ್ಯವಸ್ಥೆಯನ್ನು ತಂದಾಗ, ಬಿಡಿ ಪುಟವನ್ನಷ್ಟೇ ಅಲ್ಲ, ಇಡೀ ಸೈಟನ್ನು ತೂಗುತ್ತೇವೆ ಎಂದಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅದು ಎಲ್ಲ ಭಾಷೆಗಳಿಗೂ ಬಂತು, 2024ರ ಮಾರ್ಚಿನಲ್ಲಿ ಮುಖ್ಯ ಲೆಕ್ಕಾಚಾರದಲ್ಲೇ ಸೇರಿಹೋಯಿತು. ಅಂದರೆ ಕಸದ ಪುಟಗಳ ಭಾರವನ್ನು ಬೋರ್ಡೋ ಲೇಖನವೂ ಹೊರಬೇಕು. ಈಗ ಮಾರುಕಟ್ಟೆಗೊಂದೇ ಪುಟ, ಒಂದೇ ಶಾಶ್ವತ ವಿಳಾಸ. ಅಂಕಿ ದಿನಾ ಬದಲಾಗುತ್ತದೆ, ಹಳೆಯ ಪುಟಗಳ ಲಿಂಕು ಒತ್ತಿದವರು ಇಲ್ಲಿಗೇ ಬಂದು ಇಳಿಯುತ್ತಾರೆ. ಮಾದರಿ ದರ ಮೊದಲು, ಗರಿಷ್ಠ ಕೊನೆಗೆ. ಕೆಳಗೆ ವಾರಕ್ಕೊಮ್ಮೆ ಒಂದು ಟಿಪ್ಪಣಿ: ಆವಕ ಹೇಗಿತ್ತು, ಚಾಲಿ ಯಾಕೆ ಜಗ್ಗಿತು, ಯಾವ ಬಗೆಯ ಲಾಟನ್ನು ಖರೀದಿದಾರರು ಬದಿಗೆ ಸರಿಸಿದರು. ಅಂಕಿಯನ್ನು ಹುಡುಕಾಟದ ಪುಟವೇ ಮೇಲೆ ತೋರಿಸಿಬಿಡಬಹುದು, ನಾಳೆ ಯಂತ್ರವೇ ಓದಿ ಹೇಳಬಹುದು. ನಮ್ಮ ಪುಟಕ್ಕೆ ಬರಬೇಕಾದವರು ಬರುವುದು ಆ ಟಿಪ್ಪಣಿಗೆ. ಅದನ್ನು ಬರೆಯಲು ನಾನು ಮಾರುಕಟ್ಟೆಯಲ್ಲಿ ಎರಡು ತಾಸು ನಿಲ್ಲಬೇಕು, ಧೂಳು ಕುಡಿಯಬೇಕು.

ಎರಡನೆಯದು ಪಂಚಾಂಗ. ಯಾವ ಪುಟ ಯಾವ ತಿಂಗಳು ಮೇಲೆ ಬರಬೇಕು ಎಂಬುದನ್ನು ತೋಟವೇ ಹೇಳುತ್ತದೆ. ಏಪ್ರಿಲಿನಲ್ಲಿ ಮೈಲುತುತ್ತ, ಸುಣ್ಣ, ಮದ್ದು ಹೊಡೆಯುವವರ ಹೊಂದಾಣಿಕೆ. ಮಳೆಗಾಲದಲ್ಲಿ ಕೊಳೆರೋಗ, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು. ಮಳೆ ಹಿಂದೆಗೆದ ಮೇಲೆ ಎಲೆಚುಕ್ಕೆ ರೋಗ ನೋಡುವುದು. ಆಮೇಲೆ ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು), ಸುಲಿಯುವುದು, ಬೇಯಿಸುವುದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ). ಬೇಸಿಗೆಗೆ ನೀರು, ಕಾಳುಮೆಣಸು. ಹಂಗಾಮು ಶುರುವಾಗುವ ಮೂರು ನಾಲ್ಕು ವಾರ ಮೊದಲೇ ಆಯಾ ಪುಟವನ್ನು ತೆಗೆದು ಓದಿ ತಿದ್ದುತ್ತೇವೆ. ಮೈಲುತುತ್ತದ ದರ ಬದಲಾಗಿರುತ್ತದೆ, ಕೂಲಿ ಏರಿರುತ್ತದೆ, ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೊಸ ಶಿಫಾರಸು ಕೊಟ್ಟಿದ್ದರೆ ಸೇರಿಸಬೇಕಾಗುತ್ತದೆ. ಏನು ಬದಲಿಸಿದೆವು ಎಂದು ಪುಟದ ಮೇಲೇ ಎರಡು ಸಾಲು ಬರೆಯುತ್ತೇವೆ. ಏನೂ ಬದಲಾಗದಿದ್ದರೆ ದಿನಾಂಕ ಮುಟ್ಟುವುದಿಲ್ಲ. ಒಳಗೇನೂ ಬದಲಿಸದೆ ಹೊಸದೆಂದು ತೋರಿಸಲು ದಿನಾಂಕ ತಿದ್ದುತ್ತೀರಾ ಎಂಬ ಪ್ರಶ್ನೆಯನ್ನು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಕೇಳಿದೆ. ಅದು ಕೇಳದಿದ್ದರೂ, ಹಳೆಯ ದರ ನಂಬಿ ಅಂಗಡಿಗೆ ಹೋದ ಬೆಳೆಗಾರ ಕೇಳುತ್ತಾನೆ.

ಬೋರ್ಡೋ ಲೇಖನವನ್ನು ತಿದ್ದಿದ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಒಟ್ಟು ಯೋಚನೆ ಅಲ್ಲೇ ಹರಳುಗಟ್ಟಿದ್ದು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇಷ್ಟನ್ನು ಯಾವ ಯಂತ್ರವೂ ಹೇಳುತ್ತದೆ, ಅದು ಪುಟದ ಮೊದಲ ಸಾಲಿನಲ್ಲೇ ಇರಲಿ, ಓದಿದವನು ಹೋಗಲಿ ಎಂದುಕೊಂಡೆವು. ಹಿಂದೆ ನಾಲ್ಕು ಪ್ಯಾರಾ ಪೀಠಿಕೆ ಇತ್ತು, ಓದುಗ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲಿ ಎಂಬ ಆಸೆಯ ಪೀಠಿಕೆ. ಅದು ಹೋಯಿತು. ಅದರ ಬದಲು ಬಂದದ್ದು ನಮ್ಮ ಕೊಟ್ಟಿಗೆಯ ಮಾತು: ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಬ್ಬಿಣದ ಪಾತ್ರೆ ಬೇಡ, ಉಜ್ಜಿದ ಚೂರಿಯ ಅಲಗು ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಆ ಕೆಂಪು ನಿಜಕ್ಕೂ ಹೇಗಿರುತ್ತದೆ ಎಂಬ ಫೋಟೊ. ಹೊಡೆದು ಅರ್ಧ ತಾಸಿಗೇ ಮಳೆ ಬಂದ ದಿನ ನಾವೇನು ಮಾಡಿದೆವು. ಮರ ಹತ್ತುವ ಕೊನೆಗಾರ ಸಿಗದೆ ನೆಲದಿಂದಲೇ ದೋಟಿಯಲ್ಲಿ (ಉದ್ದದ ಕೋಲು) ಹೊಡೆದ ವರ್ಷ ಎತ್ತರದ ಮರಗಳ ಗೊನೆಗೆ ಮದ್ದು ತಲುಪಿತೇ. ಗೂಗಲ್ ತನ್ನ ಗುಣಮಟ್ಟದ ಕೈಪಿಡಿಯಲ್ಲಿ 2022ರ ಡಿಸೆಂಬರಿನಲ್ಲಿ ‘ಅನುಭವ’ವನ್ನೂ ಒಂದು ಅಳತೆಯಾಗಿ ಸೇರಿಸಿತು. ಅದಕ್ಕೆಂದು ನಾವು ಹೀಗೆ ಮಾಡಿದೆವು ಎಂದರೆ ಸುಳ್ಳಾಗುತ್ತದೆ. ಆದರೆ ಅಳತೆಗೋಲು ಒಮ್ಮೊಮ್ಮೆ ನಮ್ಮ ಕಡೆಗೂ ವಾಲುತ್ತದೆ ಎಂದು ಸಣ್ಣ ಖುಷಿಯಾಯಿತು.

ಫೋಟೊಗಳ ವಿಷಯದಲ್ಲಿ ಹೆಂಡತಿಯ ಹಟ ಗೆದ್ದಿತು. ಇಂಟರ್‌ನೆಟ್ಟಿನ ಹಸಿರು ಹಸಿರು ತೋಟಗಳೆಲ್ಲ ಹೊರಗೆ. ನಮ್ಮದೇ ತೋಟದ, ಕೆಸರಿನ, ಕೊಳೆತು ಉದುರಿದ ಕಾಯಿಯ ಚಿತ್ರಗಳು ಒಳಗೆ. ಅಗಲ ಮಾತ್ರ 1200 ಪಿಕ್ಸೆಲ್ಲಿಗೆ ಕಡಿಮೆಯಿಲ್ಲ. ಫೀಡು ಎತ್ತಿಕೊಂಡರೆ ಎತ್ತಿಕೊಳ್ಳಲಿ, ಬಾಗಿಲು ಹಾಕಿಕೊಳ್ಳುವ ಜಂಬ ನಮಗಿಲ್ಲ. ಅದಕ್ಕಾಗಿ ಬರೆಯುವುದಿಲ್ಲ ಅಷ್ಟೆ. ಹುಡುಕುವವರು ಟೈಪಿಸುವ ರೀತಿಯನ್ನೂ ಗಮನಕ್ಕೆ ತಂದುಕೊಂಡೆವು. ಕೆಲವರು ಅಡಿಕೆ ಎನ್ನುತ್ತಾರೆ, ಕೆಲವರು ಅಡಕೆ ಎನ್ನುತ್ತಾರೆ, ಬಹಳ ಮಂದಿ ಇಂಗ್ಲಿಷ್ ಅಕ್ಷರದಲ್ಲಿ ‘ಅಡಿಕೆ ರೇಟ್ ಟುಡೇ ಸಿರ್ಸಿ’ ಎಂದು ಒತ್ತುತ್ತಾರೆ. ಮೂರಕ್ಕೂ ಒಂದೇ ಪುಟ ಸಿಗುವಂತೆ ನೋಡಿಕೊಂಡದ್ದಾಯಿತು.

ಯಾರ ಮಧ್ಯಸ್ಥಿಕೆಯೂ ಇಲ್ಲದೆ ಓದುಗರನ್ನು ತಲುಪುವ ದಾರಿ ಹುಡುಕಿದೆವು. ಇಮೇಲ್ ಪತ್ರಿಕೆ ನಮ್ಮ ಬೆಳೆಗಾರರಲ್ಲಿ ನಡೆಯಲಿಲ್ಲ. ಬ್ಯಾಂಕಿನ ಒಟಿಪಿ ಬಿಟ್ಟರೆ ಬೇರೆ ಸಂದೇಶ ತೆರೆಯುವ ಅಭ್ಯಾಸ ಅವರಿಗಿಲ್ಲ, ಇಮೇಲ್ ಅಂತೂ ದೂರದ ಮಾತು. ವಾಟ್ಸ್ಆ್ಯಪ್ ನಡೆಯುತ್ತದೆ. ಹಿಂದೆ ಒಂದು ಸಂದೇಶ ನೂರು ಗುಂಪು ಸುತ್ತುತ್ತಿತ್ತು. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಬಂತು, 2020ರಲ್ಲಿ ಬಹಳ ಸಲ ಸುತ್ತಿದ್ದನ್ನು ಒಮ್ಮೆಗೆ ಒಂದೇ ಕಡೆ ಎಂದಾಯಿತು. ಸುಳ್ಳುಸುದ್ದಿ ತಡೆಯಲು ಅದು ಬೇಕಿತ್ತು, ನಮಗೂ ತಕರಾರಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಚಾನೆಲ್ ಸೌಲಭ್ಯ ಬಂದಿದೆ, ಅದರಲ್ಲಿ ವಾರದ ಟಿಪ್ಪಣಿ ಹಾಕುತ್ತೇವೆ. ಅದೂ ಇನ್ನೊಬ್ಬರ ಅಂಗಳವೇ, ನಾಳೆ ಅಲ್ಲೂ ನಿಯಮ ಬದಲಾಗಬಹುದು. ಹಾಗಾಗಿ ಪೂರ್ತಿ ಬರಹ ಅಲ್ಲಿ ಹಾಕುವುದಿಲ್ಲ, ಸಾರ ಮತ್ತು ಲಿಂಕು ಮಾತ್ರ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಕಾಗದ. ಕೊಳೆಮದ್ದಿನ ಪುಟವನ್ನು ಒಂದೇ ಹಾಳೆಗೆ ಇಳಿಸಿ, ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟು, ಊರಿನ ಸೊಸೈಟಿಯಲ್ಲಿ ಮೈಲುತುತ್ತ ಕೊಡುವ ಕಿಟಕಿಯ ಪಕ್ಕ ಅಂಟಿಸಲು ಕೇಳಿದೆ. ಒಪ್ಪಿದರು. ಬೇರೆ ಊರಿನವರೂ ಬಂದು ಹಾಳೆ ಕೇಳಿದರು. ತುತ್ತ ಕೊಳ್ಳುವ ಹೊತ್ತಿಗೆ, ಕೊಳ್ಳುವ ಜಾಗದಲ್ಲಿ, ಬೇಕಾದವನ ಕಣ್ಣಿಗೆ ಬೀಳುವ ಶಿಫಾರಸು ವ್ಯವಸ್ಥೆ ಅದು. ಸರ್ವರಿನ ಖರ್ಚೂ ಇಲ್ಲ.

ದುಡ್ಡಿನ ಮಾತು ಬಿಟ್ಟರೆ ಸ್ನೇಹಿತ ಒಪ್ಪುವುದಿಲ್ಲ. ದಿನಾ ಧಾರಣೆ ಪುಟ ನಿಲ್ಲಿಸಿದ ಮೇಲೆ ಕ್ಲಿಕ್ಕಿಗೆ ಬರುವ ಜಾಹೀರಾತಿನ ಹಣ ಇಳಿಯಿತು, ಅದು ನಿರೀಕ್ಷಿಸಿದ್ದೇ. ಅದರ ಜಾಗಕ್ಕೆ ಹಂಗಾಮಿಗೊಂದು ಜಾಹೀರಾತು ನೇರವಾಗಿ ಮಾರುತ್ತಿದ್ದೇವೆ. ಮೇ-ಜೂನಿಗೆ ದೋಟಿ, ಪಂಪು ಮಾರುವವರು, ಕೊಯ್ಲಿಗೆ ಸುಲಿಯುವ ಯಂತ್ರದವರು, ಮಳೆ ಶುರುವಿಗೆ ನರ್ಸರಿಯವರು. ತಿಂಗಳಿಗೆ ಇಷ್ಟು ಎಂದು ಮಾತು, ಎಷ್ಟು ಕ್ಲಿಕ್ಕು ಎಂದು ಯಾರೂ ಕೇಳುವುದಿಲ್ಲ. “ನಿಮ್ಮ ಸೈಟು ನೋಡಿ ಬಂದೆ” ಎಂದು ಗಿರಾಕಿ ಅಂಗಡಿಯಲ್ಲಿ ಹೇಳಿದರೆ ಅವರಿಗೆ ಸಾಕು. ಕೀಟನಾಶಕದ ಜಾಹೀರಾತು ಬೇಡ ಎಂದು ಮೊದಲೇ ನಿರ್ಧರಿಸಿದ್ದೇವೆ. ರೋಗದ ಬಗ್ಗೆ ಬರೆಯುವವನು ಅದರ ಔಷಧಿಯ ಕಾಸಿಗೆ ಕೈ ಒಡ್ಡಿದರೆ ಬರಹದ ಬೆಲೆ ಅಲ್ಲಿಗೇ ಹೋಗುತ್ತದೆ.

ಈಗ ಕೈಯಲ್ಲಿರುವುದು ಎಲೆಚುಕ್ಕೆಯ ಪುಟ. ಕಳಸ, ಶೃಂಗೇರಿ ಕಡೆ ತೋಟಗಳನ್ನೇ ಸುಟ್ಟಂತೆ ಮಾಡಿದ ರೋಗ ನಮ್ಮ ಕಡೆಗೂ ಕಾಲಿಟ್ಟಿದೆ, ಬೇರೆ ಬೇರೆ ಹಂತದ ಚಿತ್ರಗಳು ಬೇಕು. ಕಳಿಸುವವರು ದಯವಿಟ್ಟು ಎಲೆಯ ಮೇಲ್ಬದಿ, ಅಡಿಬದಿ ಎರಡನ್ನೂ ಬೇರೆ ಬೇರೆಯಾಗಿ, ಅಡ್ಡ ಹಿಡಿದು, ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಊರು, ತೆಗೆದ ದಿನ, ಮರದ ವಯಸ್ಸು, ಕೊನೆಯ ಸಲ ಯಾವ ಮದ್ದು ಯಾವಾಗ ಹೊಡೆದಿರಿ ಎಂದು ಒಂದು ಸಾಲು ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ, ಚುಕ್ಕೆಯ ಸುತ್ತಲಿನ ಹಳದಿ ಅಂಚು ಕಾಣುವುದೇ ಇಲ್ಲ.